ಎರಡೇ ರಾತ್ರಿಗೆ ದಮ್ಮು ನಿಲ್ಲಿಸಿದ ಪುಡಿ

ನಮ್ಮೂರು ಕಾರಟಗಿ ಹತ್ತಿರ. ಸುತ್ತ ಎಲ್ಲಿ ನೋಡಿದರೂ ರೈಸ್ ಮಿಲ್ಲು. ಸುಗ್ಗಿ ಶುರುವಾದರೆ ಸಾಕು, ಒಣಗಲು ಹಾಕಿದ ಬಟ್ಟೆ ಮೇಲೂ ಹೊಟ್ಟಿನ ಧೂಳು. ಅವ್ವನಿಗೆ ಬಹಳ ವರ್ಷದ ದಮ್ಮು, ಅಂದರೆ ಆಸ್ತಮಾ. ಡಾಕ್ಟರು ಎರಡು ಪಂಪ್ (ಇನ್ಹೇಲರ್) ಕೊಟ್ಟಿದ್ದರು. ಒಂದು ದಿನಾ ಎರಡು ಹೊತ್ತು ಎಳೆಯೋದು, ಇನ್ನೊಂದು ದಮ್ಮು ಹತ್ತಿದಾಗ ಎಳೆಯೋ ನೀಲಿ ಪಂಪ್. ಅವ್ವ ನೀಲಿಯದನ್ನು ಸೆರಗಿಗೆ ಕಟ್ಟಿಕೊಂಡು ಓಡಾಡೋಳು. ದಿನದ್ದು ಮಾತ್ರ ಕಪಾಟು ಸೇರಿತ್ತು. "ಅದರಾಗ ಸ್ಟೀರಾಯ್ಡ್ ಐತಂತ, ಚಟ ಹಿಡಿತೈತಿ" ಅಂತ ಯಾರೋ ತಲೆಗೆ ತುಂಬಿದ್ದರು.

ಕಳೆದ ವರ್ಷ ಸಂತೆಯಲ್ಲಿ ಒಬ್ಬ ದಮ್ಮಿನ ಪುಡಿ ಮಾರುತ್ತಿದ್ದ. "ಯವ್ವಾ, ಪಂಪ್ ಬ್ಯಾಡ, ಗುಳಿಗಿ ಬ್ಯಾಡ. ಬರೇ ಬೇರು-ನಾರು. ಮೂರು ದಿನದಾಗ ಆರಾಮ ಆಗಲಿಲ್ಲಂದ್ರ ರೊಕ್ಕ ವಾಪಸ್." ಪೇಪರಿನ ಪೊಟ್ಟಣ, ಮೇಲೆ ಒಂದು ಅಕ್ಷರ ಇಲ್ಲ. ತಿಂಗಳಿಗೆ 600 ರೂಪಾಯಿ.

ಮೂರು ದಿನ ಬೇಕಾಗಲಿಲ್ಲ. ಎರಡನೇ ರಾತ್ರಿಯೇ ಅವ್ವ ಗೋಡೆಗೆ ಒರಗದೆ ಅಂಗಾತ ಮಲಗಿ ನಿದ್ದೆ ಮಾಡಿದಳು. ಎರಡು ರೊಟ್ಟಿ ತಿನ್ನೋಳು ನಾಲ್ಕು ತಿಂದಳು. ನಾನೇ ಹೋಗಿ ಮತ್ತೆ ಮತ್ತೆ ತಂದೆ. ಇಬ್ಬರು ಗೆಳೆಯರಿಗೂ ಹೇಳಿದೆ. ಅದೊಂದು ಈಗಲೂ ಚುಚ್ಚುತ್ತದೆ.

ನಾಲ್ಕು ತಿಂಗಳಲ್ಲಿ ಅವ್ವನ ಮುಖ ದುಂಡಗೆ ತುಂಬಿಕೊಂಡಿತು. "ಮಗ ಚಲೋ ನೋಡ್ಕೊಳ್ಳಾಕತ್ಯಾನ" ಅಂತ ಓಣಿಯವರು ಹೊಗಳಿದ್ದೇ ಹೊಗಳಿದ್ದು. ಕೈ ಮಾತ್ರ ಸೊರಗುತ್ತಿತ್ತು. ರೊಟ್ಟಿ ಬಡಿಯುವಾಗ ಬಳೆ ಜಾರಿ ಹಿಟ್ಟಿಗೆ ತಾಗೋವು, ಅವ್ವ ಹಿಂಗೈಯಿಂದ ಮೇಲಕ್ಕೆ ಸರಿಸಿಕೊಳ್ಳೋಳು. ಸ್ವಲ್ಪ ತಾಗಿದರೂ ಚರ್ಮ ನೇರಳೆಗಟ್ಟೋದು. ಶುಗರ್ ಎಂದೂ ಇರಲಿಲ್ಲ, ನೋಡಿಸಿದರೆ 340!

ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ಅಕ್ಕನ ಮಗ ಹಬ್ಬಕ್ಕೆ ಬಂದವನು ಅವ್ವನ ಮುಖ ನೋಡಿದ, ಪುಡಿ ನೋಡಿದ. "ಮಾಮಾ, ಇದು ಬೇರು-ನಾರಿನ ಕೆಲಸ ಅಲ್ಲ. ಸ್ಟೀರಾಯ್ಡ್ ಕಲಸ್ಯಾರ." ನನಗೆ ಎಲ್ಲಿಲ್ಲದ ಸಿಟ್ಟು. ಇದ್ದಬದ್ದ ಪೊಟ್ಟಣ ಎಲ್ಲಾ ಚರಂಡಿಗೆ ಸುರಿದೆ. ಪುಡಿ ತಂದದ್ದಕ್ಕಿಂತ ದೊಡ್ಡ ತಪ್ಪು ಅದೇ.

ಮೂರನೇ ದಿನ ವಾಂತಿ. ತಲೆ ಎತ್ತಲು ಆಗುತ್ತಿಲ್ಲ, ಕರೆದರೆ ಬರೀ ಹ್ಞೂಂ. ಗಂಗಾವತಿಗೆ ಹೊತ್ತುಕೊಂಡು ಹೋದಾಗ ಬಿಪಿ 80/50. ಡ್ಯೂಟಿ ಡಾಕ್ಟರು "ಇನ್ನೇನು ಕೊಡ್ತಿದ್ರಿ?" ಅಂತ ಮೂರು ಸಲ ಕೇಳಿದರು. ನಾಚಿಕೆಗೆ ಎರಡು ಸಲ ಸುಳ್ಳು ಹೇಳಿದೆ. ಮೂರನೇ ಸಲ ಬಾಯಿಬಿಟ್ಟೆ. ತಕ್ಷಣ ಸಲೈನ್ ಜೊತೆ ಹೈಡ್ರೊಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ನೇ ಕೊಟ್ಟರು. ಬೆಳಗಾಗುವ ಹೊತ್ತಿಗೆ ಅವ್ವ ನೀರು ಕೇಳಿದಳು.

ಡಾಕ್ಟರು ಆಮೇಲೆ ಕೂರಿಸಿಕೊಂಡು ಹೇಳಿದ್ದು ಇಷ್ಟು. ನಮ್ಮ ಕಿಡ್ನಿ ಮೇಲೆ ಪುಟ್ಟ ಗ್ರಂಥಿಗಳಿವೆ. ಮೈಗೆ ಬೇಕಾದ ಕಾರ್ಟಿಸೋಲ್ ಅನ್ನೋ ಸ್ಟೀರಾಯ್ಡ್ ಹಾರ್ಮೋನನ್ನು ಅವೇ ಮಾಡುತ್ತವೆ. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ನುಂಗಿದರೆ ಅವು ಕೆಲಸ ನಿಲ್ಲಿಸಿಬಿಡುತ್ತವೆ. ಆಗ ನುಂಗೋದನ್ನೂ ದಿಢೀರಂತ ಬಿಟ್ಟರೆ ಎರಡೂ ಇಲ್ಲ. ಜೀವವೇ ಹೋಗಬಹುದು. ಅದಕ್ಕೇ ಡಾಕ್ಟರು ಗುಳಿಗೆ ಕೊಟ್ಟು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಪುಡಿ ತಿನ್ನುತ್ತಿದ್ದರೆ ನನ್ನ ಹಾಗೆ ಚೆಲ್ಲಬೇಡಿ. ಪೊಟ್ಟಣ ಸಮೇತ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಡ್ರಗ್ಸ್ ಇನ್‌ಸ್ಪೆಕ್ಟರಿಗೆ ದೂರು ಕೊಡೋಣ ಅಂದರೆ ತೋರಿಸಲು ನನ್ನ ಹತ್ತಿರ ಒಂದು ಚಿಟಿಕೆಯೂ ಉಳಿದಿರಲಿಲ್ಲ.

ಇನ್ನು ಪಂಪ್ ವಿಷಯ. ಅವ್ವ ಹೆದರಿದ್ದ ಪಂಪ್‌ನಲ್ಲೂ ಸ್ಟೀರಾಯ್ಡ್ ಇದೆ, ನಿಜ. ಆದರೆ ಅದು ಮೈಕ್ರೊಗ್ರಾಂ ಲೆಕ್ಕ, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅವ್ವನದರಲ್ಲಿ ಒಂದು ಸಲ ಒತ್ತಿದರೆ 200 ಮೈಕ್ರೊಗ್ರಾಂ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್. ಗುಳಿಗೆ ಆದರೆ ಮಿಲಿಗ್ರಾಂ ಲೆಕ್ಕ, ಅಂದರೆ ಸಾವಿರ ಪಟ್ಟಿನ ಅಳತೆ. ನೀಲಿ ಪಂಪ್‌ನಲ್ಲಿ ಇರೋದು ಸಾಲ್ಬುಟಮಾಲ್ ಅನ್ನೋ ಔಷಧಿ, ಒಂದು ಸಲಕ್ಕೆ 100 ಮೈಕ್ರೊಗ್ರಾಂ. ಅದೇ ಔಷಧಿಯ 4 ಮಿಲಿಗ್ರಾಂ ಗುಳಿಗೆ ನುಂಗಿದರೆ 40 ಸಲ ಒತ್ತಿದಷ್ಟು! ಪಂಪ್‌ಗೆ ಹೆದರಿ ಪುಡಿಯಲ್ಲಿ ಎಷ್ಟು ನುಂಗಿದಳೋ, ಅಳತೆ ಯಾರಿಗೆ ಗೊತ್ತು? ಇನ್ನೊಂದು ಮಾತು, ನೀಲಿಯದು ಬಿಗಿದ ಉಸಿರುನಾಳ ಸಡಿಲ ಮಾಡುತ್ತದೆ ಅಷ್ಟೇ. ಒಳಗಿನ ಬಾವು ಇಳಿಸೋದು ಆ ಕಪಾಟಿನಲ್ಲಿದ್ದ ಪಂಪ್.

ಔಷಧಗಳ ನಿಯಮಗಳಲ್ಲಿ (1945) ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಅದರಲ್ಲಿರುವ ರೋಗಗಳನ್ನು ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಆಸ್ತಮಾ ಆ ಪಟ್ಟಿಯಲ್ಲಿದೆ. ಆಯುರ್ವೇದದ ಔಷಧಿಯೇ ಆದರೂ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಅನ್ನೋದು ಬರೆದಿರಲೇಬೇಕು.

ಈಗ ಅವ್ವ ಪಂಪ್‌ಗೆ ಸ್ಪೇಸರ್ (ಔಷಧಿ ತುಂಬಿಕೊಳ್ಳೋ ಡಬ್ಬಿಯಂಥ ಕೊಳವೆ) ಹಾಕಿಕೊಂಡು ನಿಧಾನಕ್ಕೆ ಎಳೀತಾಳೆ, ಹತ್ತು ಎಣಿಸೋವರೆಗೆ ಉಸಿರು ಹಿಡೀತಾಳೆ, ಆಮೇಲೆ ಬಾಯಿ ಮುಕ್ಕಳಿಸ್ತಾಳೆ. ಸ್ಟೀರಾಯ್ಡ್ ಗುಳಿಗೆ ಇನ್ನೂ ಪೂರ್ತಿ ನಿಂತಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೇ ಆ ಇಬ್ಬರು ಗೆಳೆಯರಿಗೆ ಫೋನ್ ಮಾಡಿದ್ದೆ. ಒಬ್ಬ ಮರುದಿನವೇ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಇನ್ನೊಬ್ಬ, "ನಮ್ಮವ್ವಗ ಅದರಿಂದನ ಆರಾಮ ಐತಲೋ" ಅಂದು ಫೋನ್ ಇಟ್ಟ.