ಬೆಳೆಯುವ ವಯಸ್ಸಿನ ನಾಲ್ಕು ಚಿತ್ರಗಳು: ಎರಡೆರಡು ಬಾರಿ ನೋಡಿದ ಮೇಲೆ

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಮುಂದಿನ ವರ್ಷ ಚಿಕ್ಕಮಗಳೂರಿನ ಮನೆ ಬಿಟ್ಟು ಬೇರೆ ಊರಿನ ಹಾಸ್ಟೆಲ್ ಸೇರಲಿದ್ದಾಳೆ. ಅವಳು ಹೊರಡುವುದರೊಳಗೆ ಇಬ್ಬರೂ ಜೊತೆಯಲ್ಲಿ ಕುಳಿತು ನೋಡಲೇಬೇಕಾದ ಚಿತ್ರ ಯಾವುದು ಎಂಬ ಪ್ರಶ್ನೆಯನ್ನು ನಾನು ಈ ಮಳೆಗಾಲದಲ್ಲಿ ಮನಸ್ಸಿಟ್ಟು ಕೈಗೆತ್ತಿಕೊಂಡೆ. ಬೆಳೆಯುವ ವಯಸ್ಸಿನ ಕಥೆಯಾಗಿರಬೇಕು, ನಗಿಸಬೇಕು, ಮನೆಯ ಹಿರಿಯರೂ ಕಡೆಯವರೆಗೆ ಕೂರುವಂತಿರಬೇಕು ಎಂದುಕೊಂಡು ಆರಿಸಿದ್ದು ನಾಲ್ಕು ಚಿತ್ರಗಳನ್ನು: ‘ಡೇರ್‌ಡೆವಿಲ್ ಮುಸ್ತಾಫಾ’, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ‘ಆಚಾರ್ & ಕೋ’ ಮತ್ತು ‘ಸು ಫ್ರಮ್ ಸೋ’. ಮೊದಲ ಮೂರು 2023ರ ಮೇ 19ರಿಂದ ಜುಲೈ 28ರವರೆಗಿನ ಹತ್ತೇ ವಾರಗಳಲ್ಲಿ ತೆರೆಕಂಡವು. ನಾಲ್ಕನೆಯದು ಬಂದದ್ದು 2025ರ ಜುಲೈನಲ್ಲಿ. ನಾಲ್ಕನ್ನೂ ಬಿಡುಗಡೆಯಾದಾಗ ಚಿತ್ರಮಂದಿರದಲ್ಲಿ ನೋಡಿದ್ದೆ. ಈಗ ಎರಡನೆಯ ಬಾರಿ ಮನೆಯಲ್ಲಿ, ನನ್ನ ಅಮ್ಮ, ಮಗಳು ಮತ್ತು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಾ ಶನಿವಾರ ನಮ್ಮ ಮನೆಗೆ ಬರುವ ಅಣ್ಣನ ಮಗನೊಂದಿಗೆ ನೋಡಿದೆ. ಒಂದೇ ಚಿತ್ರ ಎರಡು ಜಾಗದಲ್ಲಿ, ಬೇರೆ ಬೇರೆ ಜನರ ನಡುವೆ ಎಷ್ಟು ಬದಲಾಗುತ್ತದೆ ಎಂಬುದು ಈ ಹೋಲಿಕೆಯಿಂದ ನನಗೆ ಚೆನ್ನಾಗಿ ಮನದಟ್ಟಾಯಿತು.

ನಮ್ಮ ಕಡೆಯವರಿಗೆ ಕಾಲೇಜು ಹುಡುಗರ ಸಿನಿಮಾ ಎಂದೊಡನೆ ನೆನಪಾಗುವುದು ‘ಕಿರಿಕ್ ಪಾರ್ಟಿ’. ಅದರ ಬಹುಭಾಗ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲೇ ಚಿತ್ರೀಕರಣವಾಗಿತ್ತು. 2016ರ ಡಿಸೆಂಬರ್ ಕೊನೆಯಲ್ಲಿ ಅದು ಬಂದಾಗ ಹಾಸನದ ಹುಡುಗರು ತೆರೆಯ ಮೇಲೆ ತಾವು ದಿನಾ ಓಡಾಡುವ ಜಾಗಗಳನ್ನು ಕಂಡು ಕೂಗಿದ್ದನ್ನು ನಮ್ಮ ಬಂಧುಗಳೆಲ್ಲ ವರ್ಷಗಟ್ಟಲೆ ಹೇಳಿಕೊಂಡಿದ್ದಾರೆ. ಮೊದಲ ವರ್ಷದ ಪುಂಡ ಕರ್ಣ ಕೊನೆಯ ವರ್ಷದ ಹೊತ್ತಿಗೆ ಬೇರೆಯೇ ಮನುಷ್ಯನಾಗಿರುತ್ತಾನೆ ಎಂಬುದೇ ಆ ಚಿತ್ರದ ನಿಜವಾದ ಗಳಿಕೆ. ಆದ್ದರಿಂದ ಈ ನಾಲ್ಕನ್ನೂ ತೂಗುವಾಗ ನನ್ನ ಅಳತೆಗೋಲು ಎರಡೇ: ಕೊನೆಗೆ ಯಾರಾದರೂ ಬೆಳೆದರೇ, ಮತ್ತು ದಾರಿಯುದ್ದಕ್ಕೂ ನಾವು ನಕ್ಕದ್ದು ಯಾರನ್ನು ನೋಡಿ?

ಬರೀ ನಗುವಿನ ಲೆಕ್ಕ ಹಿಡಿದರೆ ನಿತಿನ್ ಕೃಷ್ಣಮೂರ್ತಿ ನಿರ್ದೇಶನದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಮುಂದಿದೆ. ಒಂದೇ ರಾತ್ರಿಯ ಕಥೆ ಅದು. ವಾರ್ಡನ್ ಸತ್ತಿದ್ದಾರೆ, ಅವರು ಬರೆದಿಟ್ಟ ಚೀಟಿಯಲ್ಲಿ ಹುಡುಗರ ಹೆಸರುಗಳಿವೆ, ಬೆಳಗಾಗುವುದರೊಳಗೆ ಏನಾದರೂ ಮಾಡಬೇಕು. ಅರವಿಂದ್ ಕಶ್ಯಪ್ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಹುಡುಗರ ಹಿಂದೆ ಓಡಿದ್ದಾರೆ, ಅಜನೀಶ್ ಲೋಕನಾಥ್ ಅವರ ಸಂಗೀತ ಆ ಓಟವನ್ನು ಇನ್ನಷ್ಟು ಅಟ್ಟಿಸಿಕೊಂಡು ಹೋಗುತ್ತದೆ. ಚಿತ್ರಮಂದಿರದಲ್ಲಿ ಮುಂದಿನ ಸಾಲುಗಳಲ್ಲಿ ಜಾಗ ಸಿಕ್ಕಿದ್ದರಿಂದ ಮಧ್ಯಂತರದ ಹೊತ್ತಿಗೆ ನನಗೆ ತಲೆ ಸುತ್ತಿತ್ತು. ಆದರೆ ಸುತ್ತಲಿದ್ದ ಹುಡುಗರ ಗದ್ದಲದಲ್ಲಿ ಆ ತಲೆಸುತ್ತೂ ಆಟದ ಒಂದು ಭಾಗವೆಂಬಂತೆ ಇತ್ತು. ಮನೆಯಲ್ಲಿ ಹಾಗಾಗಲಿಲ್ಲ. ಸಣ್ಣ ತೆರೆಯ ಮೇಲೆ ಕ್ಯಾಮೆರಾ ಅಲುಗಾಡಿದ್ದು ತೊಂದರೆ ಕೊಡಲಿಲ್ಲ ನಿಜ, ಆದರೆ ಜೊತೆಗೆ ನಗುವ ಇನ್ನೂರು ಜನ ಇಲ್ಲದೆ ಹೋದಾಗ ಮಾತುಗಳ ನಡುವಿನ ಬಿಡುವುಗಳು ಖಾಲಿಯಾಗಿ ಕಂಡವು. ಅಮ್ಮ ಅರ್ಧ ಗಂಟೆಗೆ ಎದ್ದು ಅಡುಗೆಮನೆಗೆ ಹೋದರು. ಸತ್ತವರನ್ನು ಮುಂದಿಟ್ಟುಕೊಂಡು ನಗುವುದು ಅವರಿಗೆ ಒಗ್ಗಲಿಲ್ಲ. ಅದನ್ನು ನಾನು ಅವರ ವಯಸ್ಸಿನ ತಪ್ಪೆಂದು ತಳ್ಳಿಹಾಕಲಾರೆ.

ಅಣ್ಣನ ಮಗ ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. “ಅತ್ತೆ, ಹಾಸ್ಟೆಲಲ್ಲಿ ಯಾರೂ ಬೆಳೆಯೋದಿಲ್ಲ, ಮೊದಲು ಒಬ್ಬರಿಗೊಬ್ಬರು ಅಂಟಿಕೊಳ್ತಾರೆ. ಅದನ್ನ ಇವರು ಸರಿಯಾಗಿ ತೋರಿಸಿದ್ದಾರೆ” ಎಂದ. ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅವನು ಮೊದಲ ವರ್ಷ ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದಾಗ ನಮಗೆ ತಿಳಿಸಿದ್ದು ಹಾಸ್ಟೆಲಿನವರಲ್ಲ. ಪಕ್ಕದ ಕೋಣೆಯ ಹುಡುಗನೊಬ್ಬ ಮಧ್ಯರಾತ್ರಿ ಫೋನ್ ಮಾಡಿದ್ದ, ಬೆಳಗಿನವರೆಗೆ ಒದ್ದೆ ಬಟ್ಟೆ ಹಾಕುತ್ತಾ ಅವನ ಪಕ್ಕದಲ್ಲಿ ಕುಳಿತಿದ್ದ. ಆ ಚಿತ್ರದ ಹುಡುಗರೂ ಅಂಥವರೇ. ಹಾಗಿದ್ದರೂ ನನ್ನ ಮೊದಲ ಅಳತೆಯಲ್ಲಿ ಅದು ನಿಲ್ಲುವುದಿಲ್ಲ. ಬೆಳಗಾದಾಗ ಅವರು ಪಾರಾಗುವ ಬಗೆಯನ್ನು ಕಲಿತಿರುತ್ತಾರೆಯೇ ಹೊರತು ರಾತ್ರಿ ಕಂಡಿದ್ದನ್ನು ಹೊತ್ತುಕೊಂಡು ನಡೆಯುವವರಾಗಿರುವುದಿಲ್ಲ. ಹುಡುಗಿಯರಿಗಂತೂ ಈ ಕಥೆಯಲ್ಲಿ ಜಾಗವೇ ಇಲ್ಲವೆನ್ನಬಹುದು, ಮತ್ತು ಹಾಸ್ಟೆಲ್ ಸೇರಲಿರುವ ನನ್ನ ಮಗಳು ಅದನ್ನು ನೋಡಿ ಕೇಳಿದ ಮೊದಲ ಪ್ರಶ್ನೆಯೂ ಅದೇ.

‘ಡೇರ್‌ಡೆವಿಲ್ ಮುಸ್ತಾಫಾ’ದ ಬಗ್ಗೆ ಬರೆಯುವಾಗ ನಾನು ಪಕ್ಷಪಾತದಿಂದ ದೂರ ನಿಲ್ಲಬಲ್ಲೆ ಎಂದು ಹೇಳುವುದಿಲ್ಲ. ಮೂಡಿಗೆರೆಯಲ್ಲಿ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರ ಕಥೆ ಅದು, ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ತೇಜಸ್ವಿಯವರ ಓದುಗರೇ ತಮ್ಮ ಕೈಯಿಂದ ಹಣ ಹಾಕಿ ಮಾಡಿಸಿದ ಚಿತ್ರವನ್ನು ಶಶಾಂಕ್ ಸೋಗಾಲ್ ನಿರ್ದೇಶಿಸಿದರು, ಡಾಲಿ ಧನಂಜಯ ಅರ್ಪಿಸಿದರು, ಆಮೇಲೆ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಅಬಚೂರಿನ ಕಾಲೇಜಿಗೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ, ಅವನು ಬರುವ ಮೊದಲೇ ಅವನ ಬಗ್ಗೆ ಭಯವೂ ಕುತೂಹಲವೂ ಊರಿಡೀ ಹಬ್ಬಿಕೊಂಡಿರುತ್ತದೆ, ರಾಮಾನುಜ ಅಯ್ಯಂಗಾರಿಯ ಗುಂಪು ಅವನಿಗೆ ಎದುರಾಗಿ ನಿಲ್ಲುತ್ತದೆ.

ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಿದ್ದೇನೆ. ಸಾಲಾಗಿ ಒಂದೇ ಬಗೆಯ ಹೆಸರುಗಳು ಬಂದು ನಡುವೆ ಒಂದು ಬೇರೆ ಹೆಸರು ಬಂದಾಗ ಇಡೀ ತರಗತಿ ಒಮ್ಮೆ ಹಿಂದೆ ತಿರುಗಿ ನೋಡುತ್ತದೆ. ಅರೆಕ್ಷಣ ಮಾತ್ರ, ಆಮೇಲೆ ಎಲ್ಲರೂ ಮತ್ತೆ ಮುಂದೆ ನೋಡುತ್ತಾರೆ. ಕೆಲವು ವರ್ಷಗಳ ಹಿಂದೆ ಹಾಗೆ ಎಲ್ಲರೂ ತಿರುಗಿದಾಗ “ಹಾಜರ್” ಎನ್ನಬೇಕಾದ ಹುಡುಗಿ ಬಾಯಿಬಿಡದೆ ಕೈ ಮಾತ್ರ ಎತ್ತಿದಳು. ಆ ಇಡೀ ವಾರ ಅವಳು ಕೈ ಎತ್ತುತ್ತಲೇ ಇದ್ದಳು, ಧ್ವನಿ ಕೇಳಿಸಿದ್ದು ಎರಡನೆಯ ವಾರದಲ್ಲಿ. ಈ ಚಿತ್ರದ ಮೊದಲರ್ಧ ಆ ತಿರುಗಿ ನೋಡುವ ಅರೆಕ್ಷಣವನ್ನೇ ಹಿಗ್ಗಿಸಿ, ಅದರೊಳಗಿನ ಭಯ ಎಷ್ಟು ಬಾಲಿಶವಾದುದು ಎಂಬುದನ್ನು ನಗಿಸುತ್ತಲೇ ತೋರಿಸುತ್ತದೆ. ನಾವು ನಗುವುದು ಮುಸ್ತಾಫಾನನ್ನು ನೋಡಿ ಅಲ್ಲ, ಅವನನ್ನು ನೋಡುವವರನ್ನು ನೋಡಿ. ಈ ಒಂದು ಗುಣಕ್ಕಾಗಿ ನಾನು ಅದನ್ನು ಬಹಳ ಮೇಲೆ ಇಡುತ್ತೇನೆ.

ಕೊರತೆಯೂ ಇದೆ, ಅದನ್ನು ಹೇಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ತೇಜಸ್ವಿಯವರ ಕಥೆಯನ್ನು ಒಂದು ಸಂಜೆಯ ಕಾಫಿಯ ಹೊತ್ತಿನಲ್ಲಿ ಓದಿ ಮುಗಿಸಬಹುದು. ಅದನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಬೆಳೆಸಿದಾಗ ಕ್ರಿಕೆಟ್ ಪಂದ್ಯ ಚಿತ್ರಮಂದಿರದಲ್ಲಿ ಉತ್ಸಾಹ ತಂದರೂ ಮನೆಯಲ್ಲಿ ಉದ್ದವೆನಿಸಿತು. ಬಣ್ಣಗಳೂ ಹಾವಭಾವಗಳೂ ಮಕ್ಕಳ ಕಾಮಿಕ್ ಪುಸ್ತಕದಂತೆ ಗಾಢವಾಗಿವೆ, ಆದ್ದರಿಂದ ಬದಲಾವಣೆಯೂ ಒಮ್ಮೆಲೇ, ಆಟದ ಬಿಸಿಯಲ್ಲಿ ಆಗಿಬಿಡುತ್ತದೆ. ಪಂದ್ಯ ಮುಗಿದ ಮರುದಿನ ಅಯ್ಯಂಗಾರಿ ತರಗತಿಯಲ್ಲಿ ಯಾವ ಬೆಂಚಿನಲ್ಲಿ ಕುಳಿತ ಎಂಬುದನ್ನು ತಿಳಿಯುವ ಆಸೆ ನನಗೆ ಈಗಲೂ ಇದೆ.

‘ಸು ಫ್ರಮ್ ಸೋ’ವನ್ನು ಬೆಳೆಯುವ ವಯಸ್ಸಿನ ಚಿತ್ರವೆಂದು ಯಾರೂ ಕರೆಯುವುದಿಲ್ಲ. ಜೆ.ಪಿ. ತುಮಿನಾಡು ನಿರ್ದೇಶಿಸಿ, ತಾವೇ ಅಶೋಕನಾಗಿ ನಟಿಸಿದ, ರಾಜ್ ಬಿ. ಶೆಟ್ಟಿ ನಿರ್ಮಿಸಿದ ಈ ಚಿತ್ರ ಮೊದಲಿನಿಂದ ಕೊನೆಯವರೆಗೂ ಹಾಸ್ಯವೇ. ಮಾಡಬಾರದ ಕೆಲಸದಲ್ಲಿ ಸಿಕ್ಕಿಬಿದ್ದ ಅಶೋಕ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರು ಆ ದೆವ್ವಕ್ಕೆ ಸೋಮೇಶ್ವರದ ಸುಲೋಚನಾ ಎಂದು ಹೆಸರಿಟ್ಟು ನಂಬಿಬಿಡುತ್ತದೆ. ಕರಾವಳಿಯ ಕನ್ನಡ ನಮಗೆ ಹೊಸದಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಕಿವಿಗೆ ಬೀಳುವ ಮಾತೇ ಅದು, ಆದ್ದರಿಂದ ನಮ್ಮ ಚಿತ್ರಮಂದಿರದಲ್ಲಿ ಒಂದು ನಗುವೂ ವ್ಯರ್ಥವಾಗಲಿಲ್ಲ. ಮನೆಯಲ್ಲಿಯೂ ಅಷ್ಟೇ ನಡೆಯಿತು. ರವಿಯಣ್ಣನ ಪಾತ್ರ ಬಂದಾಗಲೆಲ್ಲ ಅಮ್ಮ ತಮ್ಮ ತವರಿನ ಒಬ್ಬರ ಹೆಸರು ಹೇಳಿ ಕಣ್ಣೊರೆಸಿಕೊಂಡು ನಕ್ಕರು. ನಾಲ್ಕರಲ್ಲಿ ಮೂರು ತಲೆಮಾರನ್ನೂ ಒಟ್ಟಿಗೆ ಕೂರಿಸಿದ್ದು ಇದೊಂದೇ. ಮತ್ತು ನಾನು ಎಣಿಸದೆ ಇದ್ದ ಒಂದು ಸಂಗತಿ ಎರಡನೆಯ ನೋಟದಲ್ಲಿ ಕಂಡಿತು: ಸುಲೋಚನಾಳ ಮಗಳು ಭಾನು ಕಥೆಯೊಳಗೆ ಬಂದ ಮೇಲೆ ಅಶೋಕನ ಸುಳ್ಳು ಅವನಿಗೇ ಭಾರವಾಗತೊಡಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳನ್ನು ಅವನು ಇನ್ನೊಬ್ಬರಿಗಾಗಿ ಹೊರಬೇಕಾಗುತ್ತದೆ. ಕಾಲೇಜು ಗೋಡೆಗಳಿಲ್ಲದೆ, ಪರೀಕ್ಷೆಯಿಲ್ಲದೆ, ಮೂವತ್ತರ ಆಸುಪಾಸಿನ ಒಬ್ಬ ಗಂಡಸು ದೊಡ್ಡವನಾಗುವ ಕಥೆ ಇದು. ಆದರೆ ಆರಂಭದ ಅವನ ತಪ್ಪು, ಅಂದರೆ ಹೆಣ್ಣುಮಗಳ ಸ್ನಾನದಮನೆಗೆ ಇಣುಕಿದ್ದು, ನಗುವಿನ ನಡುವೆ ಬಲು ಹಗುರವಾಗಿ ದಾಟಿಹೋಯಿತು ಎಂಬ ನನ್ನ ಮಗಳ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕೊನೆಗೆ ಉಳಿಸಿಕೊಂಡದ್ದು ‘ಆಚಾರ್ & ಕೋ’. ಸಿಂಧು ಶ್ರೀನಿವಾಸಮೂರ್ತಿ ಬರೆದು, ನಿರ್ದೇಶಿಸಿ, ಸುಮಾ ಆಗಿ ನಟಿಸಿದ, ಬಿಂದುಮಾಲಿನಿ ಸಂಗೀತದ ಈ ಚಿತ್ರವನ್ನು ಅಶ್ವಿನಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆ ನಿರ್ಮಿಸಿತು. ಅರುವತ್ತು ಎಪ್ಪತ್ತರ ದಶಕದ ಬೆಂಗಳೂರಿನ ಜಯನಗರ, ಹತ್ತು ಮಕ್ಕಳ ಆಚಾರ್ ಕುಟುಂಬ, ಒಳ್ಳೆಯ ಕಡೆ ಮದುವೆಯಾಗಿ ಹೋಗುವುದೇ ಬದುಕೆಂದು ನಂಬಿದ ಹುಡುಗಿ, ಆಮೇಲೆ ಉಪ್ಪಿನಕಾಯಿಯ ವ್ಯಾಪಾರ. ‘ಹಾಸ್ಟೆಲ್ ಹುಡುಗರು’ ಬಂದ ಮರುವಾರವೇ ಬಂದಿದ್ದರಿಂದ ನಮ್ಮೂರಿನಲ್ಲಿ ಅದಕ್ಕೆ ಜನ ಕಡಿಮೆ. ನಾನು ನೋಡಿದ ದಿನ ಬಾಲ್ಕನಿಯಲ್ಲಿ ಹನ್ನೊಂದು ಜನ ಇದ್ದೆವು. ಅಂದು ನನಗೆ ಅದು ನಿಧಾನವೆನಿಸಿತ್ತು, ಸಂಸಾರದ ಸಣ್ಣಪುಟ್ಟ ಪ್ರಸಂಗಗಳನ್ನು ಪೋಣಿಸಿಕೊಂಡು ಹೋಗುತ್ತಿದೆಯಲ್ಲಾ ಎನಿಸಿತ್ತು.

ಮನೆಯಲ್ಲಿ ಆ ಅಭಿಪ್ರಾಯ ತಲೆಕೆಳಗಾಯಿತು. ಅಂದು ಬೆಳಗ್ಗೆಯಷ್ಟೇ ಅಮ್ಮ ಅಪ್ಪೆಮಿಡಿಯ ಭರಣಿ ತೆರೆದು, ಉಪ್ಪಿನಲ್ಲಿ ಮುರುಟಿಕೊಂಡ ಮಿಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮೆತ್ತಗಾದವನ್ನು ಬೇರೆ ತೆಗೆದು, ಖಾರ ಹಾಕುವಷ್ಟಕ್ಕೆ ಬಂದಿದೆಯೋ ಇಲ್ಲವೋ ಎಂದು ನಿರ್ಧರಿಸಿದ್ದರು. ತೊಟ್ಟು ಮುರಿಯದಂತೆ ಕೊಯ್ದು ಸೊನೆ ಉಳಿಸಿಕೊಂಡರೆ ಮಾತ್ರ ಪರಿಮಳ ಉಳಿಯುತ್ತದೆ ಎಂಬುದರಿಂದ ಹಿಡಿದು ಭರಣಿಯ ಬಾಯಿಗೆ ಕಟ್ಟುವ ಬಟ್ಟೆಯವರೆಗೆ ಆ ಕೆಲಸದ ಪ್ರತಿಯೊಂದು ಹೆಜ್ಜೆಯೂ ಅವರ ಬೆರಳುಗಳಿಗೆ ಗೊತ್ತು. ನಲವತ್ತು ವರ್ಷಗಳಿಂದ ಅವರು ಬಂಧುಬಳಗಕ್ಕೆಲ್ಲ ಅದನ್ನು ಹಂಚುತ್ತಲೇ ಬಂದಿದ್ದಾರೆ. ಅದಕ್ಕೊಂದು ಬೆಲೆಯಿದೆ ಎಂದು ನಮ್ಮಲ್ಲಿ ಯಾರೂ ಒಮ್ಮೆಯೂ ಯೋಚಿಸಿರಲಿಲ್ಲ. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಿಡಿ, ಉಪ್ಪು, ಸಾಸಿವೆ, ಮೆಣಸಿನಕಾಯಿ ಎಲ್ಲ ಸೇರಿ ಈ ವರ್ಷ ಎಷ್ಟಾಯಿತೋ ಒಂದು ಸಲ ಬರೆದು ನೋಡು, ಪುಟ್ಟಿ” ಎಂದು ಮೊಮ್ಮಗಳಿಗೆ ಹೇಳಿದರು. ಅವಳು ಬರೆದಳು. ಕೂಡಿದ ಮೇಲೆ “ಅಜ್ಜಿ, ನಿನ್ನ ಕೂಲಿ ಎಷ್ಟು ಹಾಕಲಿ?” ಎಂದು ಕೇಳಿದಳು. ಅಮ್ಮನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಚಿತ್ರದಲ್ಲಿ ಸುಮಾ ಬೆಳೆಯುವುದು ಭಾಷಣದಿಂದಲ್ಲ, ಯಾವ ಪಂದ್ಯದಿಂದಲೂ ಅಲ್ಲ. ಮನೆಯವರೆಲ್ಲರ ಕಣ್ಣೆದುರಿಗೇ, ಯಾರ ಗಮನಕ್ಕೂ ಬಾರದಂತೆ, ದಿನಾ ಮಾಡುವ ಕೆಲಸದ ನಡುವೆ ಅವಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ನಗುವೂ ಹಾಗೆಯೇ, ಒಬ್ಬರನ್ನೂ ಸಣ್ಣವರನ್ನಾಗಿಸದ ನಗು. ‘ಮುಸ್ತಾಫಾ’ದಷ್ಟು ಧೈರ್ಯದ ವಸ್ತು ಅದಕ್ಕಿಲ್ಲ, ‘ಹಾಸ್ಟೆಲ್ ಹುಡುಗರು’ ಚಿತ್ರದ ವೇಗವಿಲ್ಲ, ‘ಸು ಫ್ರಮ್ ಸೋ’ ನಗಿಸಿದಂತೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗಿಸುವುದೂ ಇಲ್ಲ. ಆದರೂ ಮಗಳೊಂದಿಗೆ ನೋಡಲು ಒಂದನ್ನೇ ಆರಿಸು ಎಂದರೆ ನಾನು ‘ಆಚಾರ್ & ಕೋ’ವನ್ನು ಆರಿಸುತ್ತೇನೆ, ನನ್ನ ವಿದ್ಯಾರ್ಥಿಗಳಿಗೆ ನೋಡಿ ಎಂದು ಹೇಳುವಾಗ ‘ಮುಸ್ತಾಫಾ’ವನ್ನು ಹೇಳುತ್ತೇನೆ, ಅದೂ ಕಥೆಯನ್ನು ಓದಿದ ಮೇಲೆ. ಅಣ್ಣನ ಮಗ ಈ ತೀರ್ಪನ್ನು ಒಪ್ಪಿಲ್ಲ. ಮಗಳು ಹಾಸ್ಟೆಲಿನಲ್ಲಿ ಒಂದು ಸೆಮಿಸ್ಟರ್ ಕಳೆದು ಬರಲಿ, ಆಮೇಲೆ ನಾಲ್ಕನ್ನೂ ಮತ್ತೊಮ್ಮೆ ನೋಡೋಣ ಎಂದಿದ್ದಾನೆ, ಅದಕ್ಕೆ ನಾನು ಒಪ್ಪಿದ್ದೇನೆ.