ವಿಎಸ್‌ಆರ್-10ಕ್ಕೆ ನಾನೇ ಕತ್ತರಿಸಿ ಕೂರಿಸಿದ ಹಾಪ್‌ಅಪ್: ಮೂರು ಚಳಿಗಾಲದ ನಂತರ

ಈ ವಿಮರ್ಶೆಯನ್ನು ನನ್ನ ಆಟಿಕೆ ಬಂದೂಕಿನ ನಳಿಗೆಗೆ ರಬ್ಬರು ಕೂರಿಸಿದ ವಾರವೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟಿರುತ್ತಿದ್ದೆ. ಮೊದಲ ಜನವರಿಯಲ್ಲಿ ಬರೆದಿದ್ದರೆ ಒಂದೇ ಒಂದು. ಈಗ ಮೂರು ಚಳಿಗಾಲ ಕಳೆದಿವೆ, ಅಷ್ಟರಲ್ಲಿ ನಾಲ್ಕು ಬಾರಿ ಬಂದೂಕು ಬಿಚ್ಚಿದ್ದೇನೆ. ಹಾಗಾಗಿ ಹೇಳುವುದಕ್ಕೆ ಏನಾದರೂ ಇದೆ.

ನಾನಿರುವುದು ಟೋಕಿಯೊದ ನಿಶಿ ಕಸಾಯಿಯಲ್ಲಿ. ತಿಂಗಳಿಗೊಂದು ಭಾನುವಾರ ಚೀಬಾ ಪ್ರಾಂತ್ಯದ ಕಾಡುಮೈದಾನಗಳಿಗೆ ಏರ್‌ಸಾಫ್ಟ್ ಆಡಲು ಹೋಗುತ್ತೇನೆ. ಆಟಿಕೆ ಬಂದೂಕಿನಿಂದ ಪ್ಲಾಸ್ಟಿಕ್ ಗುಂಡು ಹಾರಿಸಿ ಆಡುವ ಯುದ್ಧದಾಟ ಅದು; ಜಪಾನಿನಲ್ಲಿ ಇದನ್ನು ‘ಸಬಗೆ’ ಎನ್ನುತ್ತಾರೆ. ಬಂದೂಕು ಟೋಕಿಯೊ ಮಾರುಯಿ ಕಂಪನಿಯ ವಿಎಸ್‌ಆರ್-10, ಪ್ರೊ ಸ್ನೈಪರ್ ಮಾದರಿ. ಬ್ಯಾಟರಿ, ಗ್ಯಾಸ್ ಯಾವುದೂ ಇಲ್ಲ. ಬೋಲ್ಟ್ ಎಳೆದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಕುದುರೆ ಒತ್ತಿದರೆ 6 ಮಿ.ಮೀ. ಪ್ಲಾಸ್ಟಿಕ್ ಗುಂಡೊಂದು ಹೊರಬೀಳುತ್ತದೆ. ಜಾತ್ರೆಯಲ್ಲಿ ಬಲೂನು ಒಡೆಯಲು ಹತ್ತು ರೂಪಾಯಿಗೆ ಕೊಡುತ್ತಿದ್ದ ಬಂದೂಕಿನಿಂದ ಹಿಡಿದ ಹುಚ್ಚು ಇಲ್ಲಿಗೆ ಬಂದು ನಿಂತಿದೆ.

ಹಾಪ್‌ಅಪ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಒಳನಳಿಗೆಯ ಹಿಂತುದಿಗೆ ಕಾಲುಚೀಲದಂತೆ ಒಂದು ರಬ್ಬರು ತೊಡಿಸಿರುತ್ತಾರೆ. ಜಪಾನಿನವರು ಅದನ್ನು ‘ಪ್ಯಾಕಿನ್’ ಎನ್ನುತ್ತಾರೆ. ನಮ್ಮೂರಿನ ಪಂಪ್‌ಸೆಟ್ ರಿಪೇರಿಯವರ ‘ಪ್ಯಾಕಿಂಗ್’ ಇದೇ ಪದ, ಕೆಲಸವೂ ಅರ್ಧ ಅದೇ, ಗಾಳಿ ಸೋರದಂತೆ ತಡೆಯುವುದು. ಇನ್ನರ್ಧ ಕೆಲಸವೇ ಇಲ್ಲಿ ಮುಖ್ಯ. ನಳಿಗೆಯ ಮೇಲ್ಭಾಗದಲ್ಲಿ ಒಂದು ಕಿಟಕಿ ಕೊರೆದಿರುತ್ತದೆ. ಅದರ ಮೂಲಕ ರಬ್ಬರಿನ ಸಣ್ಣ ಉಬ್ಬು ಒಳಗೆ ಇಣುಕಿ ಗುಂಡಿನ ನೆತ್ತಿಯನ್ನು ಸವರುತ್ತದೆ. ಮೇಲ್ಭಾಗ ತಡೆದು ಕೆಳಭಾಗ ಮುನ್ನುಗ್ಗಿದಾಗ ಗುಂಡು ಹಿಮ್ಮುಖವಾಗಿ ತಿರುಗುತ್ತ ಹೊರಡುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿ ಮೇಲಕ್ಕೆತ್ತುತ್ತದೆ. ಮ್ಯಾಗ್ನಸ್ ಪರಿಣಾಮ ಎಂದು ಭೌತಶಾಸ್ತ್ರದ ಮೇಷ್ಟ್ರು ಹೇಳಿದ್ದು ಇದನ್ನೇ. ಅನಿಲ್ ಕುಂಬ್ಳೆಯವರ ಫ್ಲಿಪ್ಪರ್ ನೆನಪಿರುವವರಿಗೆ ಇಷ್ಟು ವಿವರಣೆಯೂ ಬೇಡ.

ಬೇರೆ ದೇಶಗಳಲ್ಲಿ ದೂರ ಬೇಕಾದವರು ಗಟ್ಟಿ ಸ್ಪ್ರಿಂಗ್ ಹಾಕಿಕೊಳ್ಳಬಹುದು. ಜಪಾನಿನಲ್ಲಿ ಆ ದಾರಿ ಮುಚ್ಚಿದೆ. 2006ರಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿಯ ಪ್ರಕಾರ 6 ಮಿ.ಮೀ. ಗುಂಡಿಗೆ ಮಿತಿ ಸುಮಾರು 0.98 ಜೂಲ್. 0.20 ಗ್ರಾಂ ಗುಂಡಾದರೆ ಸೆಕೆಂಡಿಗೆ 99 ಮೀಟರ್, 0.28 ಗ್ರಾಂ ಆದರೆ ಸುಮಾರು 83. ಅದನ್ನು ಮೀರಿದ ಬಂದೂಕು ಆಟಿಕೆಯಲ್ಲ, ‘ಜುನ್ ಕೂಕಿಜೂ’, ಅಂದರೆ ಅರೆ ಏರ್ ಗನ್, ಮನೆಯಲ್ಲಿಟ್ಟುಕೊಂಡರೂ ಅಪರಾಧ. ಶಕ್ತಿ ಹೆಚ್ಚಿಸುವಂತಿಲ್ಲ, ಇರುವ ಶಕ್ತಿಯಲ್ಲೇ ಗುಂಡನ್ನು ಹೆಚ್ಚು ಹೊತ್ತು ತೇಲಿಸಬೇಕು. ಇಲ್ಲಿನ ಆಟಗಾರರು ಒಂದು ಚೂರು ರಬ್ಬರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಕಂಪನಿಯ ಮೂಲ ರಬ್ಬರು ಕೆಟ್ಟದ್ದಲ್ಲ, ಇದನ್ನು ಒತ್ತಿ ಹೇಳಬೇಕು. 0.25 ಗ್ರಾಂ ಗುಂಡಿಗೆ, ಮೂವತ್ತೈದು ನಲವತ್ತು ಮೀಟರಿಗೆ ಅದು ಬೇಕಾದಷ್ಟಾಯಿತು. ಆದರೆ ಅದಕ್ಕಿಂತ ಭಾರದ ಗುಂಡು ಹಾಕಿ, ಉಬ್ಬಿನ ಒತ್ತಡ ಹೆಚ್ಚಿಸುವ ಲಿವರನ್ನು ಒತ್ತುತ್ತ ಹೋದರೆ, ಸಣ್ಣ ಉಬ್ಬು ಗುಂಡನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ತಡೆಯತೊಡಗುತ್ತದೆ. ವೇಗ ಇಳಿಯುತ್ತದೆ, ಒಂದು ಗುಂಡು ಎಡಕ್ಕೆ, ಇನ್ನೊಂದು ಬಲಕ್ಕೆ. ಉಪಾಯ ಸರಳ: ಚುಚ್ಚುವ ಉಬ್ಬಿನ ಬದಲು ಉದ್ದಕ್ಕೆ ಮೆಲ್ಲಗೆ ಸವರುವ ಮೇಲ್ಮೈ ಕೊಡಬೇಕು. ಜಪಾನಿನಲ್ಲಿ ಇದಕ್ಕೆ ‘ನಾಗಾಕಾಕೆ’ ಎನ್ನುತ್ತಾರೆ, ಉದ್ದನೆಯ ಹಿಡಿತ ಎಂದು ಅರ್ಥ.

ಮೊದಲ ಪ್ರಯತ್ನ ಫ್ಲಾಟ್ ಹಾಪ್. ರಬ್ಬರಿನ ಒಳಗಿನ ಉಬ್ಬನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಅದರ ಮೇಲೆ ಒತ್ತುವ ತುಂಡಿಗೆ ನೂರು ಯೆನ್ ಅಂಗಡಿಯ ಪೆನ್ಸಿಲ್ ಅಳಿಸುವ ರಬ್ಬರನ್ನು ಚೌಕವಾಗಿ ಕತ್ತರಿಸಿ ಇಟ್ಟೆ. ಅಂದು ಮೈದಾನದಲ್ಲಿ 0.28 ಗ್ರಾಂ ಗುಂಡು ಐವತ್ತು ಮೀಟರಿನ ಕಬ್ಬಿಣದ ಹಲಗೆಗೆ ಠಣ್ ಎಂದು ಬಡಿದಾಗ ಆದ ಸಂತೋಷಕ್ಕೆ ನಾಲ್ಕು ಜನರ ಮುಂದೆ ಕೈಕಾಲು ಕುಣಿಸಿದ್ದು ನಿಜ. ಏಳು ತಿಂಗಳ ನಂತರ ಬಿಚ್ಚಿ ನೋಡಿದರೆ ಆ ಅಳಿಸುವ ರಬ್ಬರು ಅದನ್ನು ಒತ್ತುವ ಪ್ಲಾಸ್ಟಿಕ್ ತೋಳಿಗೆ ಅಂಟಿ ಕರಗಿದಂತಾಗಿತ್ತು. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ರಬ್ಬರು ಸ್ಕೇಲಿಗೆ ಮೆತ್ತಿಕೊಂಡು ಗುರುತು ಬೀಳುತ್ತದಲ್ಲ, ಅದೇ ಕಾರಣ: ಅದನ್ನು ಮೆದುವಾಗಿಸಲು ಬೆರೆಸಿದ ದ್ರವ ನಿಧಾನವಾಗಿ ಹೊರಬಂದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಜೊತೆಗೆ ಚಳಿಗೆ ಅದು ಸೀಮೆಸುಣ್ಣದಷ್ಟು ಗಟ್ಟಿ. ನಾನು ಹೇಳಿದ ಒಂದು ನಕ್ಷತ್ರದ ಜನವರಿ ಅದು.

ನಡುವೆ ಬಾಲ್‌ಪೆನ್ ರೀಫಿಲ್ಲಿನ ತುಂಡು, ಸೈಕಲ್ ಟ್ಯೂಬಿನ ಚೂರು ಎರಡನ್ನೂ ಪ್ರಯತ್ನಿಸಿದೆ. ರೀಫಿಲ್ ಪರವಾಗಿಲ್ಲ. ಟ್ಯೂಬಿನದು ಮಾತ್ರ ಬೇಡವೇ ಬೇಡ, ಒಂದೊಂದು ಗುಂಡಿಗೂ ಒಂದೊಂದು ನ್ಯಾಯ.

ಈಗ ಇರುವುದು ಸಿಲಿಕೋನ್ ಪಟ್ಟಿ. ಹೋಮ್ ಸೆಂಟರ್ ಎನ್ನುವ ಮನೆಸಾಮಾನಿನ ದೊಡ್ಡ ಅಂಗಡಿಯಲ್ಲಿ ಒಳವ್ಯಾಸ 6 ಮಿ.ಮೀ. ಇರುವ ಸಿಲಿಕೋನ್ ಕೊಳವೆ ಅಳತೆಯ ಮೇಲೆ ಸಿಗುತ್ತದೆ. ಅದನ್ನು ಉದ್ದಕ್ಕೆ ಸೀಳಿ, ನಳಿಗೆಯ ಕಿಟಕಿಯ ಅಳತೆಗೆ ಒಂದು ಪಟ್ಟಿ ಕತ್ತರಿಸಿದರೆ ಕೊಳವೆಯ ಒಳಬಾಗೇ ಗುಂಡಿನ ನೆತ್ತಿಗೆ ಹೊಂದುವ ಬಾಗು. ಕಿಟಕಿಯಲ್ಲಿ ಅದನ್ನು ಕೂರಿಸಿ, ಉಬ್ಬು ಕೆತ್ತಿದ ರಬ್ಬರನ್ನು ಮೇಲೆ ತೊಡಿಸಬೇಕು. ಅಂಟು ಹಾಕಲು ಹೋಗಬೇಡಿ. ಸಿಲಿಕೋನ್ ಸೂಪರ್‌ಗ್ಲೂವನ್ನು ಹಿಡಿದುಕೊಳ್ಳುವುದಿಲ್ಲ. ನಾನು ಹಾಕಿ, ಅದು ನಳಿಗೆಯೊಳಗೆ ಇಳಿದು ಗಟ್ಟಿಯಾಗಿ, ಕೆರೆಯುವುದರಲ್ಲಿ ಒಂದು ಸಂಜೆ ಹೋಯಿತು. ಪಟ್ಟಿ ಮೊದಲಿಗೆ ತುಸು ಒಳಗೆ ಚಾಚಿಕೊಂಡಿರುತ್ತದೆ. ತೆಳ್ಳನೆಯ ಕಡ್ಡಿಗೆ 800ರ, ಆಮೇಲೆ 1000ದ ಮರಳುಕಾಗದ ಸುತ್ತಿ, ಹಾಪ್ ಶೂನ್ಯದಲ್ಲಿದ್ದಾಗ ಗುಂಡು ತಾನಾಗಿ ಜಾರಿ ಹೋಗುವವರೆಗೆ ಉಜ್ಜಬೇಕು. ಇಲ್ಲಿ ಆತುರಪಟ್ಟರೆ ಮುಗಿಯಿತು. ಮೊದಲ ಎರಡು ಪಟ್ಟಿಗಳನ್ನು ಅತಿಯಾಗಿ ಉಜ್ಜಿ ಎಸೆದೆ. ರಾತ್ರಿ ಹನ್ನೊಂದಕ್ಕೆ ಕಣ್ಣು ಕಿರಿದು ಮಾಡಿಕೊಂಡು ಉಜ್ಜುತ್ತಿದ್ದ ನನ್ನನ್ನು ನೋಡಿ ಮನೆಯಾಕೆ, “ಏನ್ರೀ, ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿ ಎಂದು ಹೇಳಿ ಎರಡು ತಿಂಗಳಾಯಿತು” ಎಂದಳು. ಉತ್ತರ ಇರಲಿಲ್ಲ.

ಫಲ? ದೂರ ಬಹಳವೇನೂ ಹೆಚ್ಚಲಿಲ್ಲ, ಅಳಿಸುವ ರಬ್ಬರಿನಲ್ಲಿ ಸಿಕ್ಕಿದ್ದ ಐವತ್ತು ಮೀಟರೇ. ಹೆಚ್ಚಿದ್ದು ಒಂದೇ ಬಗೆಯಾಗಿ ಹೋಗುವ ಗುಣ. ಹತ್ತು ಗುಂಡಿನಲ್ಲಿ ಏಳೆಂಟು ಆಳೆತ್ತರದ ಹಲಗೆಗೆ ಬೀಳುತ್ತವೆ; ಮೊದಲು ನಾಲ್ಕು ಬಿದ್ದರೆ ಹೆಚ್ಚು. ಕೈಯಲ್ಲಿ ಮಾಡಿದ ಹಾಪ್‌ನಿಂದ ಎಪ್ಪತ್ತು ಎಂಬತ್ತು ಮೀಟರಿನ ಗುರಿಯನ್ನು ಖಾತರಿಯಾಗಿ ಹೊಡೆಯುತ್ತೇನೆ ಎನ್ನುವವರ ಜೊತೆ ಈ ಶಕ್ತಿಮಿತಿಯಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ, ಸುಮ್ಮನೆ ಮೈದಾನಕ್ಕೆ ಕರೆಯುತ್ತೇನೆ.

ಒಂದು ಎಚ್ಚರಿಕೆ. ರಬ್ಬರಿನ ಹೊರಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿದ್ದೆ. ಸೋರಿಕೆ ನಿಂತು 0.20 ಗ್ರಾಂ ಗುಂಡಿನ ವೇಗ ಸೆಕೆಂಡಿಗೆ 88 ಮೀಟರಿನಿಂದ 93ಕ್ಕೆ ಏರಿತು. ಮಿತಿಯೊಳಗೇ ಇದೆ, ಸರಿ. ಆದರೆ ಮೊದಲೇ 97ರಲ್ಲಿದ್ದ ಬಂದೂಕಾಗಿದ್ದರೆ? ಸ್ಪ್ರಿಂಗ್ ಮುಟ್ಟದೆಯೇ ಕಾನೂನು ಮುರಿದಂತಾಗುತ್ತಿತ್ತು. ಮೈದಾನದ ವೇಗಮಾಪಕದಲ್ಲಿ 0.20 ಗುಂಡಿನಿಂದ ಅಳೆದು ಬಿಟ್ಟರೆ ಸಾಲದು. ಈ ಬಂದೂಕಿನ ಸಿಲಿಂಡರಿನಲ್ಲಿ ಗಾಳಿ ಧಾರಾಳ, ನಿಧಾನವಾಗಿ ಸಾಗುವ ಭಾರದ ಗುಂಡು ಅದನ್ನು ಹೆಚ್ಚು ಹೊತ್ತು ಪಡೆಯುತ್ತದೆ, ಅದರ ಶಕ್ತಿ ಮಿತಿ ಮೀರಬಹುದು. ಆದ್ದರಿಂದ ಆಡುವ ಗುಂಡಿನಲ್ಲೇ, ಹಾಪ್ ಸರಿಹೊಂದಿಸಿದ ಮೇಲೆ ಅಳೆಯಿರಿ. ಪ್ರತಿ ಸಲ ಬಿಚ್ಚಿ ಜೋಡಿಸಿದ ಮೇಲೂ.

ಇನ್ನೊಂದು ಪೆಟ್ಟು ಪೂರ್ತಿ ನನ್ನದೇ ತಪ್ಪು. ನಳಿಗೆ ನುಣುಪಾಗಲಿ ಎಂದು ಸಿಲಿಕೋನ್ ಸ್ಪ್ರೇ ಹೊಡೆದೆ. ಎಣ್ಣೆ ರಬ್ಬರಿಗೆ ತಾಗಿ ಹಿಡಿತ ಹೋಯಿತು, ದಿನವಿಡೀ ಗುಂಡುಗಳು ಇಪ್ಪತ್ತೈದು ಮೀಟರಿಗೆ ತಲೆ ತಗ್ಗಿಸಿದವು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒರೆಸಿದ ಮೇಲೆ, ಸುಮಾರು ನಲವತ್ತು ಗುಂಡು ಹಾರಿಸಿದ ನಂತರ ಮೊದಲಿನಂತಾಯಿತು. ಜೂನಿನ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಬಯೋ ಗುಂಡುಗಳು (ಮಣ್ಣಿನಲ್ಲಿ ಕೊಳೆಯುವಂಥವು) ತೇವ ಹೀರಿ ಉಬ್ಬಿ, ಅವುಗಳಲ್ಲೊಂದು ಬಂದೂಕಿನ ಛೇಂಬರಿನಲ್ಲೇ ಸಿಕ್ಕಿಕೊಂಡಿತು. ಅದಕ್ಕೆ ಹಾಪ್‌ಅಪ್ಪನ್ನು ದೂರಿ ಪ್ರಯೋಜನವಿಲ್ಲ.

ಖರ್ಚು: ಕೊಳವೆ, ಮರಳುಕಾಗದ, ಟೇಪು, ಬ್ಲೇಡು ಸೇರಿ 700 ಯೆನ್ ದಾಟಲಿಲ್ಲ. ಹಾಳಾದರೆ ಇರಲಿ ಎಂದು ಮೂಲ ರಬ್ಬರನ್ನೇ ಇನ್ನೊಂದು ಕೊಂಡಿದ್ದೆ, ಅದನ್ನೂ ಸೇರಿಸಿಕೊಳ್ಳಿ. ಇಟ್ಟುಕೊಳ್ಳದೆ ಬ್ಲೇಡ್ ಹಿಡಿಯಬೇಡಿ. ಕೈ ಸ್ಥಿರವಿಲ್ಲದವರು, ಬಿಚ್ಚಿದ ಸ್ಕ್ರೂಗಳನ್ನು ಕಳೆದುಕೊಳ್ಳುವವರು ತೈವಾನಿನ ಮೇಪಲ್ ಲೀಫ್‌ನಂಥ ಸಿದ್ಧ ರಬ್ಬರನ್ನೇ ಕೊಳ್ಳುವುದು ಒಳ್ಳೆಯದು. 50, 60, 70 ಎಂದು ಗಡಸುತನದ ಅಂಕಿ ಬರೆದಿರುತ್ತಾರೆ, ಈ ಶಕ್ತಿಗೆ ಮೆದುವಾದದ್ದು ಸಾಕು.

ನನ್ನ ಅಂಕ ನಾಲ್ಕು. ಸಿಲಿಕೋನ್ ಪಟ್ಟಿ ಚಳಿಗೆ ಜಗ್ಗಲಿಲ್ಲ, ಅದರ ಮೇಲಿನ ರಬ್ಬರು ಜಗ್ಗುತ್ತದೆ. ಜನವರಿಯ ಬೆಳಗ್ಗೆ ಎಂಟಕ್ಕೆ ಹೊಂದಿಸಿದ ಹಾಪ್ ಮಧ್ಯಾಹ್ನದ ಬಿಸಿಲಿಗೆ ಹೆಚ್ಚಾಗಿ ಗುಂಡು ಆಕಾಶಕ್ಕೆ ಏರುತ್ತದೆ. ಲಿವರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಗೆರೆ ಹಾಕಿಕೊಂಡಿದ್ದೇನೆ, ಒಂದು ಬೇಸಿಗೆಗೆ, ಇನ್ನೊಂದು ಚಳಿಗಾಲದ ಬೆಳಗಿಗೆ. ಊಟದ ನಂತರ ಅವೆರಡರ ನಡುವೆ ಎಲ್ಲೋ ಇಟ್ಟು, ಮೂರು ಗುಂಡು ಹಾರಿಸಿ ನೋಡಿಕೊಂಡು ಆಟಕ್ಕೆ ಇಳಿಯುತ್ತೇನೆ.