ಪರಿಷತ್ತೋ, ಮಾಣಿಕ್ಯವೇಲು ಬಂಗಲೆಯೋ?

ಬೆಂಗಳೂರಿನಲ್ಲಿ ಒಂದು ಭಾನುವಾರ ಬಿಡುವಿದೆ, ಹೊಸ ಚಿತ್ರಪ್ರದರ್ಶನ ನೋಡಬೇಕು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗುವುದಾ, ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎಗಾ?

ಪರಿಷತ್ತಿನಲ್ಲಿ ಗ್ಯಾಲರಿಗಳು ಹಲವು. ಪ್ರದರ್ಶನಗಳು ಬೇಗ ಬೇಗ ಬದಲಾಗುತ್ತವೆ. ಎಷ್ಟೋ ಸಲ ಕಲಾವಿದರೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. "ಇದು ಯಾವ ಊರು ಸಾರ್?" ಅಂತ ಕೇಳಿದರೆ ಸಾಕು, ಹತ್ತು ನಿಮಿಷ ಕಥೆ. ಮಾರಾಟವಾದ ಚಿತ್ರದ ಪಕ್ಕ ಪುಟ್ಟ ಕೆಂಪು ಚುಕ್ಕಿ. ಹೊರಡುವಾಗ ಅಭಿಪ್ರಾಯ ಬರೆಯುವ ಪುಸ್ತಕ ಕೈಗೆ ಬರುತ್ತದೆ, ತಪ್ಪಿಸಿಕೊಳ್ಳುವುದು ಕಷ್ಟ! ಎಲ್ಲವೂ ಚೆನ್ನಾಗಿರುತ್ತದೆ ಅಂತಲ್ಲ. ಒಂದು ಕೋಣೆ ಸಪ್ಪೆ ಅನಿಸಿದರೆ ಪಕ್ಕದ್ದಕ್ಕೆ ನಡೆಯಿರಿ. ಅಲ್ಲೇ ಇರುವ ತೊಗಲುಬೊಂಬೆಗಳ ಸಂಗ್ರಹವನ್ನಂತೂ ಬಿಡಬೇಡಿ.

ಎನ್‌ಜಿಎಂಎ ಬೇರೆಯೇ ಲೋಕ. 2009ರಲ್ಲಿ ಹಳೇ ಮಾಣಿಕ್ಯವೇಲು ಬಂಗಲೆಯಲ್ಲಿ ಶುರುವಾದದ್ದು. ದೊಡ್ಡ ಮರಗಳು, ಜಾಸ್ತಿ ಸದ್ದಿಲ್ಲ. ಪ್ರದರ್ಶನಗಳು ಸಾಮಾನ್ಯವಾಗಿ ಹೆಚ್ಚು ದಿನ ಇರುತ್ತವೆ, ಅವಸರ ಬೇಡ. ಟಿಕೆಟ್ ಇದೆ, ಸೋಮವಾರ ರಜೆ.

ಜೊತೆಗೆ ಮಕ್ಕಳಿದ್ದರೆ, ಅಥವಾ ಗೋಡೆಗೊಂದು ಚಿತ್ರ ಕೊಳ್ಳುವ ಆಸೆಯಿದ್ದರೆ ನನ್ನ ಓಟು ಪರಿಷತ್ತಿಗೆ. ಸುಮ್ನೆ ಒಬ್ಬರೇ ಒಂದು ಚಿತ್ರದ ಮುಂದೆ ನಿಲ್ಲಬೇಕಾ? ಹಾಗಾದರೆ ಬಂಗಲೆಗೇ ಹೋಗಿ.